ಅತ್ತಿಗೆ ಬೆಳ್ಳಗೆ ಮಾಡಿದ ವಲಯ

ಈ ಕಡೆಯ ಮಕ್ಕಳು ನಮ್ಮ ಅತ್ತಿಗೆಯನ್ನು ಕಂಡರೆ ಅಮ್ಮಂದಿರ ಬೆನ್ನ ಹಿಂದೆ ಅಡಗುತ್ತಾರೆ. ಅವಳಿಗೆ ‘ಸೂಜಿ ಅತ್ತೆ’ ಎಂದು ಹೆಸರಿಟ್ಟವರೂ ಅವರೇ. ಈಗ ಮೀಸೆ ಬಂದಿರುವ ಹುಡುಗರು ಕೂಡ ಬೀದಿಯಲ್ಲಿ ಅವಳು ಎದುರಾದರೆ ತೋಳು ಮುಟ್ಟಿಕೊಂಡು ನಗುತ್ತಾರೆ. ಅವಳು ನಗುವುದಿಲ್ಲ. ಮೊದಲೆಲ್ಲ ನಗುತ್ತಿದ್ದಳು.

ಅವಳು ನನ್ನ ಅಣ್ಣನ ಹೆಂಡತಿ. ಸಂಬಂಧದಲ್ಲಿ ದೊಡ್ಡವಳು, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು. ಹಾಗಾಗಿ ಬಹುವಚನ ನನ್ನ ಬಾಯಿಗೆ ಬರಲೇ ಇಲ್ಲ. ಅವಳೂ ಕೇಳಲಿಲ್ಲ, ನನ್ನನ್ನು ಅಕ್ಕ ಎಂದು ಕರೆದುಕೊಂಡು ಇದ್ದುಬಿಟ್ಟಳು. ನಾನು ಮದುವೆಯ ಗೋಜಿಗೆ ಹೋಗದೆ ಅಣ್ಣನ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಕೂತವಳು. ಹಿಂದಿನ ಶೆಡ್ಡಿನಲ್ಲಿ ಅಣ್ಣನ ಕೆಲಸ. ಸುಟ್ಟುಹೋದ ಮೋಟಾರುಗಳನ್ನು ಬಿಚ್ಚಿ, ಹಳೆಯ ಸುರುಳಿ ಕಿತ್ತು, ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು. ನೀರಿನ ಪಂಪು, ಹಿಟ್ಟಿನ ಗಿರಣಿ, ಫ್ಯಾನು, ಏನು ತಂದರೂ ಇಲ್ಲ ಅನ್ನುತ್ತಿರಲಿಲ್ಲ. ಸುರುಳಿಗೆ ಹಚ್ಚುವ ವಾರ್ನಿಷ್ ವಾಸನೆ ಮನೆಯ ದಿಂಬುಗಳಿಗೂ ಹತ್ತಿಕೊಂಡಿತ್ತು. ಜನ ನನ್ನ ಬಾಯಿ ಜೋರು ಅನ್ನುತ್ತಾರೆ. ಇರಬಹುದು. ಆದರೆ ಇದನ್ನು ಮೆತ್ತಗೆ ಹೇಳುವುದು ನನ್ನಿಂದಾಗದು.

ಅಣ್ಣನಿಗೆ ಕಾಯಿಲೆ ಇದೆ ಎಂದು ಗೊತ್ತಾದದ್ದು ಅವನು ಒಂದು ಒಳ್ಳೆಯ ಕೆಲಸ ಮಾಡಲು ಹೋದಾಗ. ಮದುವೆಯಾಗಿ ಇನ್ನೂ ಹೊಸತು. ಪಕ್ಕದ ವೆಲ್ಡಿಂಗ್ ಅಂಗಡಿಯವನಿಗೆ ಆಪರೇಷನ್ ಎಂದು ರಕ್ತ ಕೊಟ್ಟು ಬಂದ. ಸ್ವಲ್ಪ ದಿನದಲ್ಲಿ ಆಸ್ಪತ್ರೆಯಿಂದ ಕರೆ ಬಂತು: ನಿಮ್ಮ ರಕ್ತ ಬಳಸುವ ಹಾಗಿಲ್ಲ, ನೀವೇ ಒಮ್ಮೆ ಬಂದು ಹೋಗಿ. ಹೆಪಟೈಟಿಸ್ ಬಿ. ಲಿವರಿನಲ್ಲಿ ಸದ್ದಿಲ್ಲದೆ ಬಿಡಾರ ಹೂಡುವ ವೈರಸ್. ಹುಟ್ಟುವಾಗಲೇ ತಾಯಿಯಿಂದ ಬಂದಿರಬೇಕು ಎಂದರಂತೆ ಡಾಕ್ಟರು. ನಮ್ಮಮ್ಮ ಹೊಟ್ಟೆ ಊದಿಕೊಂಡು ಸತ್ತದ್ದು ಯಾಕೆ ಎಂದು ಅವತ್ತು ನಮಗೆ ತಿಳಿಯಿತು. ಹಿರಿಮಗನಿಗೆ ಅಮ್ಮ ಬಿಟ್ಟುಹೋದ ಆಸ್ತಿ ಅದೊಂದೇ. ನನಗೆ ಅದರಲ್ಲೂ ಪಾಲು ಸಿಗಲಿಲ್ಲ, ನನ್ನ ರಕ್ತ ಚೊಕ್ಕವಾಗಿತ್ತು.

ಅತ್ತಿಗೆ ಆಗ ಬಸುರಿ. ಬೇರೆ ಹೆಣ್ಣಾಗಿದ್ದರೆ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಹೊರಡುತ್ತಿದ್ದಳು. ಇವಳು ಪರೀಕ್ಷೆ ಮಾಡಿಸಿಕೊಂಡು, ತನಗಿಲ್ಲ ಎಂದು ತಿಳಿದು, ಲಸಿಕೆ ಹಾಕಿಸಿಕೊಂಡಳು. ನನ್ನನ್ನೂ ರಟ್ಟೆ ಹಿಡಿದು ಎಳೆದೊಯ್ದು ಹಾಕಿಸಿದಳು. ಮಗಳು ಹುಟ್ಟಿದ ದಿನವೇ ಅದರ ತೊಡೆಗೆ ಮೊದಲ ಚುಚ್ಚು ಬಿತ್ತು. ಆಮೇಲೆ ಮೂವರೂ ಕೂತು ಒಂದು ಮಾತಿಗೆ ಬಂದೆವು, ಈ ಸುದ್ದಿ ಈ ಗೋಡೆ ದಾಟಬಾರದು. ಬಿ ಕಾಯಿಲೆ ಅಂದರೆ ಜನಕ್ಕೆ ಬರುವುದು ಒಂದೇ ಯೋಚನೆ, ಇವನು ಎಲ್ಲೆಲ್ಲಿ ತಿರುಗಿ ತಂದನೋ ಎಂದು. ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ, ಕೈ ಕುಲುಕಿದರೆ ಬರುವುದಿಲ್ಲ ಎಂದು ಯಾರ ಯಾರಿಗೆ ಹೇಳುತ್ತ ಕೂರುವುದು? ಅಣ್ಣ ಕೊಟ್ಟ ಟೀ ಲೋಟ ಮುಟ್ಟಲು ಹೆದರುವ ಗಿರಾಕಿ ಅವನ ಹತ್ತಿರ ಮೋಟಾರು ತರುತ್ತಾನೆಯೇ?

ಮಗಳು ಸ್ವಲ್ಪ ದೊಡ್ಡದಾದ ಮೇಲೆ ಅತ್ತಿಗೆ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವ ಕೆಲಸಕ್ಕೆ ಸೇರಿದಳು. ಉಳಿದವರಿಗೆ ಅದು ಸಂಬಳದ ಕೆಲಸ, ಇವಳಿಗೆ ಹಗೆ ತೀರಿಸಿಕೊಳ್ಳುವ ಕೆಲಸ. ಮಗು ಹುಟ್ಟಿದ ದಿನವೇ ಮೊದಲ ಚುಚ್ಚು ಬೀಳಬೇಕು, ತಡವಾದರೆ ಅಮ್ಮನಲ್ಲಿರುವುದು ಮಗುವಿನಲ್ಲಿ ಬೇರು ಬಿಡುತ್ತದೆ ಎನ್ನುವುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಆದರೆ ಮಕ್ಕಳೇನು ಆಫೀಸಿನ ಸಮಯ ನೋಡಿಕೊಂಡು ಹುಟ್ಟುತ್ತವೆಯೇ? ರಜೆಯ ದಿನ ಹುಟ್ಟುತ್ತವೆ, ಮುಷ್ಕರದ ದಿನ ಹುಟ್ಟುತ್ತವೆ, ಆಸ್ಪತ್ರೆಗೆ ಹೋಗಲು ಹೊತ್ತಿಲ್ಲದೆ ಮನೆಯಲ್ಲೇ ಹುಟ್ಟುತ್ತವೆ. ಅದಕ್ಕೆ ಅವಳು ತನ್ನದೇ ಒಂದು ದಾರಿ ಮಾಡಿಕೊಂಡಳು. ಸೂಲಗಿತ್ತಿಯರು, ಹೆರಿಗೆ ಆಸ್ಪತ್ರೆಯ ಗೇಟು ಕಾಯುವವನು, ಹಾಲು ಹಾಕುವವಳು, ಮನೆ ಮನೆಗೆ ಬಟ್ಟೆ ಒಗೆಯಲು ಹೋಗುವವಳು, ಎಲ್ಲರೂ ಅವಳ ಗೂಢಚಾರರು. ಯಾರ ಮನೆಯ ಹಗ್ಗದ ಮೇಲೆ ಹಸುಗೂಸಿನ ಬಟ್ಟೆ ಒಣಗುತ್ತಿದೆ ಎಂಬ ಸುದ್ದಿ ಹತ್ತಿರದ ನೆಂಟರಿಗಿಂತ ಮೊದಲು ಇವಳಿಗೆ ಮುಟ್ಟುತ್ತಿತ್ತು. ಲಸಿಕೆ ಇಟ್ಟ ಐಸಿನ ಡಬ್ಬಿ ಹೆಗಲಿಗೇರಿಸಿ ಹೊರಟಳೆಂದರೆ ಮುಗಿಯಿತು. ಒಂದು ಮನೆಯ ಅಜ್ಜಿ ಬಾಗಿಲಿಗೆ ಅಡ್ಡ ನಿಂತು, ಕಣ್ಣು ಬಿಡದ ಕೂಸಿಗೆ ಸೂಜಿ ಚುಚ್ಚಲು ಬಂದಿದ್ದೀಯಲ್ಲ, ನೀನೂ ಹೆತ್ತವಳಾ ಎಂದು ಬಾಯಿಗೆ ಬಂದಂತೆ ಬೈದಳಂತೆ. ಅತ್ತಿಗೆ ಎದುರಾಡಲಿಲ್ಲ. ಅಜ್ಜಿಗೆ ಮಂಡಿನೋವು ಎಂದು ಅವಳಿಗೆ ಗೊತ್ತಿತ್ತು. ಹೊಸ್ತಿಲ ಹೊರಗೆ ಆರಾಮವಾಗಿ ಕೂತು, ಅಜ್ಜಿ ನಿಂತೂ ನಿಂತೂ ಸಾಕಾಗಿ ಒಳಗೆ ಹೋಗುವತನಕ ಕಾದಳು. ಮನೆಗೆ ಬಂದು ಅಜ್ಜಿಯನ್ನು ನಟಿಸಿ ತೋರಿಸಿದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಕೆಲವು ವರ್ಷಗಳಿಗೊಮ್ಮೆ ಇಲಾಖೆಯವರು ವಲಯ ವಲಯವಾಗಿ ರಕ್ತ ಪರೀಕ್ಷೆ ಮಾಡಿ, ಬಿ ಕಾಯಿಲೆ ನೂರಕ್ಕೆ ಎಷ್ಟು ಜನಕ್ಕಿದೆ, ಹೋದ ಸಲಕ್ಕಿಂತ ಏರಿದೆಯೋ ಇಳಿದಿದೆಯೋ ಎಂದು ನೋಡುತ್ತಾರೆ. ಅದರ ನಕ್ಷೆಯನ್ನು ಆರೋಗ್ಯ ಕೇಂದ್ರದ ಗೋಡೆಗೆ ತೂಗುಹಾಕುತ್ತಾರೆ. ಹೆಚ್ಚಿದ್ದರೆ ಕಡುಗೆಂಪು, ಕಡಿಮೆಯಿದ್ದರೆ ಗುಲಾಬಿ, ಇಲ್ಲವೇ ಇಲ್ಲ ಎಂದರೆ ಬಿಳಿ. ಮೊದಲ ನಕ್ಷೆಯಲ್ಲಿ ನಮ್ಮದು ಎಲ್ಲಕ್ಕಿಂತ ಕಡುಗೆಂಪಾದ ವಲಯ. ಊರಿನ ದೊಡ್ಡ ಮನುಷ್ಯರಿಗೆ ಅದು ನಾಚಿಕೆಯಾಯಿತು, ನಮಗೆ ವರವಾಯಿತು. ಕಡುಗೆಂಪು ವಲಯಗಳಿಗೆ ಪುಕ್ಕಟೆ ಮಾತ್ರೆಯ ಕೌಂಟರ್ ಕೊಟ್ಟರು.

ಅಷ್ಟು ಹೊತ್ತಿಗೆ ಅಣ್ಣನ ಕಾಲು ಬಾತುಕೊಳ್ಳಲು ಶುರುವಾಗಿತ್ತು. ಒಂದು ಪಂಪು ಎತ್ತಿ ಮೇಜಿನ ಮೇಲಿಟ್ಟರೆ ಗೋಡೆಗೆ ಒರಗಿ ಸುಧಾರಿಸಿಕೊಳ್ಳಬೇಕಿತ್ತು. ದಿನಕ್ಕೊಂದು ಮಾತ್ರೆ, ಬದುಕಿರುವ ತನಕ. ನಡುವೆ ನಿಲ್ಲಿಸಿದರೆ ಮಲಗಿರುವ ವೈರಸ್ ಎರಡರಷ್ಟು ಸಿಟ್ಟಿನಿಂದ ಏಳುತ್ತದೆ ಎಂದು ಡಾಕ್ಟರು ಬೆರಳು ತೋರಿಸಿ ಎಚ್ಚರಿಸಿದ್ದರು. ಮಾತ್ರೆ ಶುರುವಾದ ಮೇಲೆ ಕಾಲಿನ ಬಾವು ಇಳಿಯಿತು, ಮುಖಕ್ಕೆ ಕಳೆ ಬಂತು, ನನ್ನ ಹೊಲಿಗೆಯನ್ನು ಆಡಿಕೊಳ್ಳುವ ಹಳೆಯ ಚಾಳಿ ತಿರುಗಿ ಬಂತು. 

ಆ ಕೌಂಟರಿನ ಸಾಲನ್ನು ನೀವು ನೋಡಬೇಕಿತ್ತು. ಕೇಂದ್ರದ ಹಿಂಬದಿಯಲ್ಲಿ, ಜನರೇಟರಿನ ಪಕ್ಕ, ಒಂದು ಸಣ್ಣ ಕಿಟಕಿ. ಗುರುತಿದ್ದವರೂ ಗುರುತಿಲ್ಲದವರಂತೆ ಗೋಡೆ ನೋಡುತ್ತ ನಿಲ್ಲುತ್ತಿದ್ದರು. ಶಾಲೆಯ ಮೇಷ್ಟರು ಪ್ರತಿ ತಿಂಗಳೂ ಕೆಮ್ಮಿಗೆ ಬಂದೆ ಅನ್ನುತ್ತಿದ್ದರು, ಒಂದು ಸಲವೂ ಅವರು ಕೆಮ್ಮಿದ್ದನ್ನು ಯಾರೂ ಕೇಳಲಿಲ್ಲ. ಬೇಕರಿಯವಳು ತಂಗಿಗೆಂದು ಮಾತ್ರೆ ಒಯ್ಯುತ್ತಿದ್ದಳು, ಅವಳಿಗೆ ತಂಗಿಯೇ ಇರಲಿಲ್ಲ. ನಮ್ಮಣ್ಣನೋ, ಕೇಂದ್ರದ ಪಂಪು ರಿಪೇರಿಗೆ ಬಂದವನಂತೆ ಕೈಯಲ್ಲೊಂದು ಸ್ಪ್ಯಾನರ್ ಹಿಡಿದೇ ಹೋಗುತ್ತಿದ್ದ.

ಎರಡನೆಯ ನಕ್ಷೆಯಲ್ಲಿ ನಮ್ಮ ವಲಯ ಗುಲಾಬಿಗೆ ಇಳಿಯಿತು, ಕೌಂಟರು ಹಾಗೇ ಉಳಿಯಿತು. ಮೂರನೆಯ ಸಲ ಇಲಾಖೆ ಹೊಸ ಪದ್ಧತಿ ಹಿಡಿಯಿತು. ಮನೆ ಮನೆ ಅಲೆಯುವುದು ಕಷ್ಟ, ದೊಡ್ಡವರು ಬಾಗಿಲು ತೆಗೆಯುವುದಿಲ್ಲ. ಶಾಲೆಗೆ ಹೋದರೆ ಮಕ್ಕಳು ಸಾಲಾಗಿ ಸಿಗುತ್ತಾರೆ. ಮಕ್ಕಳಲ್ಲಿ ಇಲ್ಲ ಎಂದರೆ ಕಾಯಿಲೆ ಹೊಸದಾಗಿ ಹರಡುತ್ತಿಲ್ಲ ಎಂದಾಯಿತಲ್ಲ. ಅದರಲ್ಲಿ ಸುಳ್ಳೇನೂ ಇಲ್ಲ. ನಮ್ಮ ವಲಯದಲ್ಲಿ ಮಕ್ಕಳ ಬೆರಳು ಚುಚ್ಚುವ ಕೆಲಸ ಅತ್ತಿಗೆಗೇ ಬಂತು. ಒಂದನೆಯ ತರಗತಿಯ ಪುಟ್ಟ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಗಲುವಂತೆ ಕೂತು, ಪರೀಕ್ಷೆಯ ಪಟ್ಟಿಯ ಮೇಲೆ ಒಂದೊಂದು ಹನಿ ರಕ್ತ ಬಿಟ್ಟು, ಎಲ್ಲಾದರೂ ಕಾಯಿಲೆ ಇದೆ ಎನ್ನುವ ಎರಡನೆಯ ಗೆರೆ ಮೂಡೀತೋ ಎಂದು ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಒಂದು ಮಗುವಿಗೂ ಮೂಡಲಿಲ್ಲ. ಆ ಸಂಜೆ ಸಿಹಿಯ ಪೊಟ್ಟಣ ಹಿಡಿದು ಬಂದವಳು ನನ್ನ ಮೆಷಿನ್ ಪಕ್ಕ ನಿಂತು ‘ಸೊನ್ನೆ, ಅಕ್ಕ’ ಎಂದು ಅಳತೊಡಗಿದಳು. ಅಣ್ಣ ಶೆಡ್ಡಿನಿಂದ ಬಂದು ವಾರ್ನಿಷ್ ಮೆತ್ತಿದ ಕೈಯಲ್ಲೇ ಅವಳ ತಲೆ ಸವರಿದ. ಅವನಿಗೆ ಅಮ್ಮನಿಂದ ಬಂದದ್ದು ಈ ಬೀದಿಗಳಲ್ಲಿ ಇನ್ನು ಯಾವ ಮಗುವಿಗೂ ಬರುವುದಿಲ್ಲ, ಅದನ್ನು ಮಾಡಿದವಳು ನಮ್ಮ ಮನೆಯವಳು. ನನಗೂ ಎದೆಯುಬ್ಬಿತು, ಸುಳ್ಳು ಯಾಕೆ ಹೇಳಲಿ.

ನಕ್ಷೆ ಬೆಳ್ಳಗಾಯಿತು. ಅದರ ಬೆನ್ನಿಗೇ ಆದೇಶ ಬಂತು: ಬಿಳಿ ವಲಯದಲ್ಲಿ ಮಾತ್ರೆ ಕೌಂಟರಿನ ಅಗತ್ಯವಿಲ್ಲ, ಅದನ್ನು ಕಡುಗೆಂಪಾಗಿರುವ ಬೇರೆ ವಲಯಕ್ಕೆ ಒಯ್ಯಲಾಗುವುದು. ಕಿಟಕಿಯಲ್ಲಿ ಕೂರುತ್ತಿದ್ದವನು, ಪಾಪ, ಉಳಿದದ್ದನ್ನೆಲ್ಲ ಸಾಲಿನಲ್ಲಿದ್ದವರಿಗೆ ಹಂಚಿ ಬಾಗಿಲು ಹಾಕಿಕೊಂಡು ಹೋದ. ಅಣ್ಣ ಆ ದೂರದ ವಲಯಕ್ಕೆ ದಿನವಿಡೀ ಬಸ್ಸಿನಲ್ಲಿ ಕೂತು ಹೋದ. ಅಲ್ಲಿಯವರು ವಿಳಾಸ ನೋಡಿ, ನೀವು ಬಿಳಿ ವಲಯದವರು, ನಿಮ್ಮ ಕಡೆ ಈ ಕಾಯಿಲೆಯೇ ಇಲ್ಲವಲ್ಲ, ಇಲ್ಲಿರುವುದು ಇಲ್ಲಿಯವರಿಗೇ ಸಾಲದು ಎಂದು ವಾಪಸ್ಸು ಕಳಿಸಿದರು. ಬಂದವನು ಚಪ್ಪಲಿ ಬಿಡುತ್ತ, ‘ನನಗೆ ವಾಸಿಯಾಗಿದೆಯಂತೆ ಕಣೇ, ಸರ್ಕಾರಾನೇ ಹೇಳ್ತು’ ಅಂದ. ನಾವು ನಗಲೆಂದು ಹೇಳಿದ್ದು. ನಗು ಯಾರಿಗೆ ಬರುತ್ತದೆ?

ಅತ್ತಿಗೆ ಸುಮ್ಮನೆ ಕೂರಲಿಲ್ಲ. ಸಾಲಿನಲ್ಲಿ ನಿಲ್ಲುತ್ತಿದ್ದ ಒಬ್ಬೊಬ್ಬರ ಮನೆಗೂ ಹೋದಳು. ಎಲ್ಲರೂ ಒಟ್ಟಿಗೆ ವಲಯದ ಆಫೀಸಿಗೆ ಹೋಗಿ, ನಾವಿದ್ದೇವೆ, ನಮ್ಮನ್ನು ನೋಡಿ ಎಂದು ನಿಲ್ಲೋಣ ಎಂದು ಕೇಳಿಕೊಂಡಳು. ಮೇಷ್ಟರು ತಮಗಿರುವುದು ಕೆಮ್ಮು ಎಂದರು. ಬೇಕರಿಯವಳು ತಂಗಿ ಊರು ಬಿಟ್ಟು ಹೋದಳು ಎಂದಳು. ಅವರನ್ನು ಬೈದು ಏನು ಬಂತು? ಬಸ್ ನಿಲ್ದಾಣದ ಹತ್ತಿರ ‘ಬಿ ಕಾಯಿಲೆ ಇಲ್ಲದ ವಲಯ’ ಎಂದು ಆಳೆತ್ತರದ ಫಲಕ ನಿಂತಿತ್ತು, ಈ ಕಡೆ ಮನೆ ಬಾಡಿಗೆ ಕೂಡ ಏರಿತ್ತು. ಇಲ್ಲದ ಕಾಯಿಲೆ ನನಗಿದೆ ಎಂದು ಯಾರು ಮುಂದೆ ಬರುತ್ತಾರೆ? ನಮ್ಮಣ್ಣನೇ ಬರಲಿಲ್ಲ. ಏನು ಬೇಕಾದರೂ ಮಾಡು, ನನ್ನ ಹೆಸರು ಮಾತ್ರ ಎತ್ತಬೇಡ ಎಂದು ಅವಳ ಕೈಯಲ್ಲಿ ಭಾಷೆ ತೆಗೆದುಕೊಂಡ. ಅಂಗಡಿಯಲ್ಲಿ ಕೊಂಡರಾಯಿತು ಎಂದ. ಕೊಂಡೆವು. ಅವಳ ಸಂಬಳದ ಅರ್ಧ ಆ ಮಾತ್ರೆಗೇ ಹೋಗತೊಡಗಿತು.

ಅಷ್ಟರಲ್ಲಿ ವಲಯವನ್ನು ಬೆಳ್ಳಗೆ ಮಾಡಿದ್ದಕ್ಕೆ ಅವಳಿಗೆ ಸನ್ಮಾನ ಇಟ್ಟುಕೊಂಡರು. ವಲಯದ ಆಫೀಸಿನ ಸಭಾಂಗಣ, ಪ್ಲಾಸ್ಟಿಕ್ ಕುರ್ಚಿಗಳು, ಮೈಕು. ನಾನೂ ಹೋಗಿದ್ದೆ, ಅವಳಿಗೆಂದು ಹೊಸ ರವಿಕೆ ಹೊಲಿದುಕೊಟ್ಟಿದ್ದೆ. ವಲಯದ ಅಧಿಕಾರಿ ಒಂದು ಗೋಡೆ ಗಡಿಯಾರ ಕೊಟ್ಟು, ಎರಡು ಮಾತಾಡಿ ಎಂದು ಮೈಕು ಅವಳ ಕಡೆ ತಿರುಗಿಸಿದರು. ಕೆಟ್ಟ ಮನುಷ್ಯರಲ್ಲ ಅವರು, ಮಾತು ನಯ, ನಗುಮುಖ. ಅವಳು ಗಡಿಯಾರವನ್ನು ಕಂಕುಳಲ್ಲಿ ಇರುಕಿಕೊಂಡು ಮೈಕಿನ ಹತ್ತಿರ ಬಂದಳು. 

‘ಮಕ್ಕಳಲ್ಲಿ ಇಲ್ಲ, ಅದು ನಿಜ ಸಾರ್,’ ಎಂದಳು. ‘ಆ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಇದೆ. ನಮ್ಮ ಮನೆಯವರಿಗೇ ಇದೆ. ಅವರ ಮಾತ್ರೆ ನಿಲ್ಲಿಸಿ ನನಗೆ ಗಡಿಯಾರ ಕೊಡ್ತಾ ಇದ್ದೀರ.’

ಹಿಂದಿನ ಸಾಲಿನಲ್ಲಿ ನಮ್ಮ ಬೀದಿಯವರೇ ಮೂರು ನಾಲ್ಕು ಜನ ಕೂತಿದ್ದರು. ಅಧಿಕಾರಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಮನೆಯವರ ವಯಸ್ಸೆಷ್ಟು ಎಂದು ಕೇಳಿದರು. ಐವತ್ತು ದಾಟಿದೆ ಎಂದಳು.

‘ಹಾಗಾದ್ರೆ ಅವರು ಈ ಲೆಕ್ಕಕ್ಕೆ ಬರಲ್ಲಮ್ಮ. ನಾವು ಎಣಿಸೋದು ಮಕ್ಕಳನ್ನ ಮಾತ್ರ,’ ಎಂದು ಮೆಲ್ಲಗೆ ಹೇಳಿ, ಚಪ್ಪಾಳೆ ತಟ್ಟಲು ಶುರು ಮಾಡಿದರು. ಸಭೆಯೂ ತಟ್ಟಿತು.

ನಾವು ಮನೆ ಮುಟ್ಟುವುದಕ್ಕೆ ಮೊದಲೇ ಸುದ್ದಿ ಮುಟ್ಟಿತ್ತು. ಮರುದಿನವೇ ಹಿಟ್ಟಿನ ಗಿರಣಿಯವನು ಬಂದು, ಅರ್ಧ ಸುತ್ತಿದ್ದ ತನ್ನ ಮೋಟಾರನ್ನು ಹಾಗೆಯೇ ಗೋಣಿಚೀಲದಲ್ಲಿ ಸುತ್ತಿಕೊಂಡು ಹೋದ. ಚೀಲದ ಮೇಲಿಂದ ಹಿಡಿದ, ಅಣ್ಣ ಮುಟ್ಟಿದ್ದನ್ನು ಬರಿಗೈಯಲ್ಲಿ ಮುಟ್ಟಲಿಲ್ಲ. ವೆಲ್ಡಿಂಗ್ ಅಂಗಡಿಯವನು, ಯಾರಿಗೆ ರಕ್ತ ಕೊಡಲು ಹೋಗಿ ಇದೆಲ್ಲ ಗೊತ್ತಾಯಿತೋ ಅವನೇ, ಟೀಗೆ ಕರೆದರೆ ಈಗ ತಾನೇ ಕುಡಿದೆ ಅನ್ನತೊಡಗಿದ. ಶೆಡ್ಡಿನಲ್ಲಿ ಕೆಲಸ ಖಾಲಿಯಾಯಿತು. ಅಣ್ಣ ಅತ್ತಿಗೆಗೆ ಒಂದು ಮಾತೂ ಅನ್ನಲಿಲ್ಲ. ನಾನು ಬಿಡಲಿಲ್ಲ. ಮಾತ್ರೆಯೂ ಬರಲಿಲ್ಲ, ಮಾನವೂ ಉಳಿಯಲಿಲ್ಲ, ಏನು ಸಾಧಿಸಿದ ಹಾಗಾಯಿತು ಎಂದು ಕೇಳಿದೆ. ಅವಳು ಪಾತ್ರೆ ಉಜ್ಜುತ್ತ ಕೂತಳು. ಅವಳು ಅಣ್ಣನಿಗೆ ಕೊಟ್ಟ ಮಾತು ಮುರಿದದ್ದು ಇವತ್ತಿಗೂ ನನಗೆ ಸರಿ ಅನ್ನಿಸಿಲ್ಲ. ಸುಮ್ಮನಿದ್ದರೆ ಸರಿಯಾಗುತ್ತಿತ್ತೇ ಎಂದರೆ, ಅದೂ ಗೊತ್ತಿಲ್ಲ.

ಕೆಲಸವಿಲ್ಲದ ಅಣ್ಣ ಔಷಧಿ ಅಂಗಡಿಗೆ ತಾನೇ ಹೋಗುತ್ತೇನೆ ಎಂದ. ಒಂದು ದಿನ ಬಂದು, ಮಾತ್ರೆಯ ಬೆಲೆ ಇಳಿದಿದೆ, ಬೇರೆ ಕಂಪನಿಯದು ಬಂದಿದೆ ಎಂದು ಉಳಿದ ದುಡ್ಡು ಅತ್ತಿಗೆಯ ಕೈಗಿಟ್ಟ. ಅವಳಿಗೆ ಹೋದ ಜೀವ ಬಂದಂತಾಯಿತು. ಸದ್ಯ, ದೇವರು ಕಣ್ಣು ಬಿಟ್ಟ ಎಂದಳು. ನಾನೂ ಹಾಗೇ ಅಂದುಕೊಂಡೆ. ಬೆಲೆ ಎಲ್ಲಿ ಇಳಿದಿತ್ತು? ಅವನು ಅರ್ಧ ಮಾತ್ರ ಕೊಳ್ಳುತ್ತಿದ್ದ. ಒಂದು ದಿನ ನುಂಗುವುದು, ಒಂದು ದಿನ ಬಿಡುವುದು. ಆಮೇಲೆ ಎರಡು ದಿನ ಬಿಡುವುದು. 

ಮೊದಲು ಊಟ ಸೇರಲಿಲ್ಲ. ಆಮೇಲೆ ಕಣ್ಣು ಹಳದಿಯಾಯಿತು. ಸುಸ್ತು, ವಾಂತಿ. ಅತ್ತಿಗೆಗೆ ಕಣ್ಣು ನೋಡಿದ ಕೂಡಲೇ ಗೊತ್ತಾಯಿತು. ದೊಡ್ಡಾಸ್ಪತ್ರೆಗೆ ಸೇರಿಸಿದೆವು. ಅಲ್ಲಿ ಡಾಕ್ಟರು ಮಾತ್ರೆ ನಿಲ್ಲಿಸಿದ್ದರಾ ಎಂದು ಕೇಳಿದರೆ ಅತ್ತಿಗೆ, ಇಲ್ಲ ಸಾರ್, ಒಂದು ದಿನವೂ ಇಲ್ಲ ಎಂದು ವಾದಕ್ಕೇ ಇಳಿದಳು. ಆಗ ಮಂಚದ ಮೇಲಿಂದ ಅಣ್ಣನೇ ಬಾಯಿ ಬಿಟ್ಟ.

‘ನಿನ್ನ ಸಂಬಳ ನುಂಗ್ತಾ ಕೂತಿರೋಕೆ ಆಗಲಿಲ್ಲ ಕಣೇ. ತಪ್ಪು ತಿಳ್ಕೋಬೇಡ.’

ಅವಳು ಅವನನ್ನು ಹೊಡೆಯಲು ಕೈ ಎತ್ತಿದ್ದನ್ನು ನಾನು ನೋಡಿದೆ. ಎತ್ತಿದ ಕೈಯನ್ನು ಅವನ ಹಣೆಯ ಮೇಲಿಟ್ಟಳು. ಇಷ್ಟೂ ವರ್ಷ ಊರಿನ ಮಕ್ಕಳನ್ನೆಲ್ಲ ಕಾದವಳಿಗೆ ತನ್ನ ಮನೆಯ ಒಂದು ಮಾತ್ರೆಯನ್ನು ಕಾಯಲಾಗಲಿಲ್ಲ. ಆ ತಿಂಗಳು ತುಂಬುವುದರೊಳಗೆ ಅಣ್ಣ ಹೋದ. ಮುಂದಿನ ವರ್ಷ ಮೇಷ್ಟರು ಹೋದರು. ಅವರ ಮನೆಯವರು, ಕುಡಿದು ಕುಡಿದು ಲಿವರ್ ಹಾಳು ಮಾಡಿಕೊಂಡರು ಎಂದು ಎಲ್ಲರಿಗೂ ಹೇಳಿದರು. ಆ ಮನುಷ್ಯ ಟೀ ಕೂಡ ಕುಡಿಯುತ್ತಿರಲಿಲ್ಲ. ಕುಡುಕ ಅನ್ನಿಸಿಕೊಂಡು ಸಾಯುವುದು ಇದಕ್ಕಿಂತ ಮರ್ಯಾದೆಯದಾಯಿತು ನೋಡಿ, ಥೂ.

ಮೊನ್ನೆ ಮತ್ತೆ ಪರೀಕ್ಷೆ ಶುರುವಾಯಿತು. ಈ ಸಲ ದೊಡ್ಡವರನ್ನೂ ಸೇರಿಸಿದ್ದಾರೆ. ಅತ್ತಿಗೆ ಅವತ್ತು ಸಭೆಯಲ್ಲಿ ಹೇಳಿದ್ದಕ್ಕೆ ಅಂತ ನಾನು ಹೇಳುವುದಿಲ್ಲ, ಅವರಿಗೇ ಯಾಕೋ ತೋಚಿರಬೇಕು. ಪ್ರತಿ ಬೀದಿಯಲ್ಲೂ ಕೆಲವು ಮನೆಗಳಿಗೆ ಹೋಗುತ್ತಾರೆ, ಆ ಸರದಿಯಲ್ಲಿ ನಮ್ಮ ಮನೆಯೂ ಬಂತು. ಬಂದವಳು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಕೈಯಲ್ಲಿ ಮೊಬೈಲು. ನನ್ನ ಬೆರಳು ಚುಚ್ಚಿದಳು, ಅತ್ತಿಗೆಯದು ಚುಚ್ಚಿದಳು, ಕಾಲೇಜಿನಿಂದ ಬಂದಿದ್ದ ಅಣ್ಣನ ಮಗಳದು ಚುಚ್ಚಿದಳು. ಮೂರು ಪಟ್ಟಿಗಳನ್ನು ನನ್ನ ಹೊಲಿಗೆ ಮೆಷಿನ್ ಮೇಲೆ ಸಾಲಾಗಿಟ್ಟು ಕಾದಳು. ಮೂರರಲ್ಲೂ ಒಂದೊಂದೇ ಗೆರೆ.

‘ಒಳ್ಳೇದಾಯ್ತು ಆಂಟಿ, ನಿಮ್ಮ ಮನೇಲಿ ಯಾರಿಗೂ ಇಲ್ಲ,’ ಎಂದು ಖುಷಿಯಿಂದ ಹೇಳಿದಳು.

‘ಒಬ್ಬರಿಗೆ ಇತ್ತಮ್ಮ. ಅವರನ್ನೂ ಸೇರಿಸ್ಕೋ,’ ಎಂದಳು ಅತ್ತಿಗೆ.

ಹುಡುಗಿ ಮೊಬೈಲಿನಲ್ಲಿ ಮೇಲೆ ಕೆಳಗೆ ಹುಡುಕಿ ಮುಖ ಸಣ್ಣ ಮಾಡಿಕೊಂಡಳು. ಈಗ ಮನೆಯಲ್ಲಿರುವವರನ್ನು ಮಾತ್ರ ತೆಗೆದುಕೊಳ್ಳುತ್ತದೆ, ತೀರಿಕೊಂಡವರನ್ನು ಹಾಕಲು ಇದರಲ್ಲಿ ಜಾಗವಿಲ್ಲ ಎಂದಳು. ನಾನು ಬಾಯಿ ತೆಗೆಯುವುದರಲ್ಲಿದ್ದೆ. ಅತ್ತಿಗೆ ನನ್ನ ಮಣಿಕಟ್ಟು ಹಿಡಿದು ಸುಮ್ಮನಾಗಿಸಿದಳು.

‘ಬದುಕಿದ್ದಾಗ ದೊಡ್ಡವರು ಅಂತ ಎಣಿಸಲಿಲ್ಲ. ಈಗ ಸತ್ತಿದ್ದಾರೆ ಅಂತ ಎಣಿಸಲ್ಲ. ಆಗಲಿ ಬಿಡು, ನಿನ್ನದೇನು ತಪ್ಪು. ಯಾರಿಗೂ ಇಲ್ಲ ಅಂತಾನೇ ಹಾಕ್ಕೋ.’

ಹುಡುಗಿ ಹಾಗೇ ಹಾಕಿಕೊಂಡು ಪಕ್ಕದ ಮನೆಗೆ ಹೋದಳು.